ಹೊರಬೀಡಿನ ದಿನ ಬಂದ ಬಸ್ಸು

ಕೊಡಚಾದ್ರಿ ಎಷ್ಟು ಚೆಂದ ಅಂತ ಯಾರಾದರೂ ಹೊಗಳಿದರೆ ನನಗೆ ಈಗಲೂ ಸ್ವಲ್ಪ ಮೈ ಉರಿಯುತ್ತದೆ. ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಅರವತ್ತರ ದಶಕದ ಒಂದು ಚಳಿಗಾಲದಲ್ಲಿ ಆ ಬೆಟ್ಟ ನನ್ನೆದುರು ಜೈಲಿನ ಗೋಡೆಯ ಹಾಗೆ ನಿಂತಿತ್ತು.

ನನ್ನ ಚಿಕ್ಕಮ್ಮನನ್ನು ಹೊಸನಗರದಾಚೆ ಗುಡ್ಡದ ನೆತ್ತಿಯ ಮೇಲಿನ ಹಳ್ಳಿಗೆ ಕೊಟ್ಟಿದ್ದರು. ಬಸ್ಸಿಳಿದು ಕಾಡಿನೊಳಗೆ ಏರುತ್ತಾ ಹೋಗಬೇಕು. ಸಾಗರದ ಪೇಟೆಯಲ್ಲಿ ಬೆಳೆದ ನನಗೆ ಅಲ್ಲಿನ ಮಂಜು, ಹಾಡು, ಊಟ ಎಲ್ಲವನ್ನೂ ನೋಡುವ ಆಸೆ. ಆಗಷ್ಟೇ ಟೀಚರ್ ಟ್ರೈನಿಂಗ್ ಮುಗಿಸಿದ್ದೆ. ಬುಧವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ ಕೆಲಸದ ಇಂಟರ್‌ವ್ಯೂ. ಕೆಲಸ ಸಿಕ್ಕರೆ ಸರಿ, ಸಿಗದಿದ್ದರೆ ವೈಶಾಖದಲ್ಲಿ ತೀರ್ಥಹಳ್ಳಿಯ ಗಂಡಿಗೆ ನನ್ನನ್ನು ಕೊಡುವುದೆಂದು ಅಪ್ಪ ಮಾತು ಕೊಟ್ಟಾಗಿತ್ತು. ಹೆಣ್ಣು ನೋಡಲು ಬಂದಿದ್ದ ಆ ಮಹಾಶಯ ನನ್ನ ಮುಖಕ್ಕಿಂತ ಉಪ್ಪಿಟ್ಟಿನ ತಟ್ಟೆಯನ್ನೇ ಹೆಚ್ಚು ನೋಡಿದ್ದ. ಭಾನುವಾರ ವಾಪಸ್ಸು ಬರುತ್ತೇನೆಂದು ಹೇಳಿ ಶುಕ್ರವಾರ ಹೊರಟೆ.

ಮೊದಲೆರಡು ದಿನ ಸ್ವರ್ಗ. ಕೆಂಡದ ಮೇಲೆ ಉಬ್ಬಿದ ಅಕ್ಕಿ ರೊಟ್ಟಿ, ಜೋನಿ ಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ. ಬೆಳಿಗ್ಗೆ ಅಂಗಳದಲ್ಲಿ ನಿಂತರೆ ಕೆಳಗಿನ ಕಾಡೆಲ್ಲ ಮಂಜಿನಲ್ಲಿ ಮುಳುಗಿರುತ್ತಿತ್ತು. ರಾತ್ರಿ ಚಿಕ್ಕಮ್ಮ ಭತ್ತ ಕುಟ್ಟುವ ಹಾಡು ಹೇಳಿಕೊಡುತ್ತಿದ್ದಳು.

ಭಾನುವಾರ ಬ್ಯಾಗು ಹಿಡಿದು ಹೊರಬಂದರೆ ಜಗಲಿಯ ಮೇಲೆ ಚಿಕ್ಕಮ್ಮನ ಮಾವ. ಮನೆಯ ಯಜಮಾನರು. ಎಲ್ಲರಿಗೂ ಅಜ್ಜ.

"ಅಮಾಸೆ ದಿನ ಹೆಣ್ಮಗಳನ್ನ ಹೊಸ್ತಿಲು ದಾಟ್ಸದಾ? ನಾಳೆ ಹೋದ್ರಾಯ್ತು, ಒಳಗೆ ನಡಿ ಮಗಾ."

ಸೋಮವಾರ ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದೆ, ಅಜ್ಜ ಸೀನಿದರು. ಒಂಟಿ ಸೀನು! ಗಂಟೆಗೊಮ್ಮೆ ನಶ್ಯ ಏರಿಸುವವರು ಸೀನದೆ ಇನ್ನೇನು ಮಾಡುತ್ತಾರೆ? ಅಪಶಕುನ, ಕೂತು ನೀರು ಕುಡಿ ಅಂದರು. ಕೂತೆ, ಕುಡಿದೆ. ಅಷ್ಟರಲ್ಲಿ ದಿನಕ್ಕೊಂದೇ ಬಸ್ಸು ಕೆಳಗೆ ಹಾರ್ನ್ ಹೊಡೆದು ಹೋಯಿತು.

"ನಾಳೆ ಮಂಗಳವಾರ, ಹೆಣ್ಣನ್ನ ಕಳ್ಸೋ ಹಾಗಿಲ್ಲ. ಹೊರಬೀಡು ಬೇರೆ ಇದೆ. ಬುಧವಾರ ಆರಾಮಾಗಿ ಹೋಗು" ಅಂದರು ಅಜ್ಜ.

"ಬುಧವಾರ ಹೋಗಿ ಎಂತ ಮಾಡ್ಲಿ? ಇಂಟರ್‌ವ್ಯೂ ಮುಗ್ದು ಹೋಗಿರತ್ತೆ!" ಅಂತ ಕೂಗಿಯೇ ಬಿಟ್ಟೆ. ಅಜ್ಜನಿಗೆ ಬೇಜಾರೂ ಆಗಲಿಲ್ಲ. "ಹೆಣ್ಮಕ್ಕಳಿಗೆ ಕೆಲಸ ಮನೇಲೇ ಬೇಕಷ್ಟು ಬಿದ್ದಿದೆ" ಅಂತ ನಕ್ಕರು. ಓಡಿಹೋಗೋಣವೆಂದರೆ ಕಾಟಿಕೋಣ ತಿರುಗುವ ಕಾಡು, ಜೊತೆಗೆ ಬರುವವರಿಲ್ಲ. ಆ ಮನೆಯ ಪ್ರೀತಿ ನನಗೆ ಬಾಯೊಳಗಿನ ಬಿಸಿ ತುಪ್ಪವಾಗಿತ್ತು. ನುಂಗಲಾರೆ, ಉಗುಳಲಾರೆ. ಹಿತ್ತಿಲಲ್ಲಿ ಕೂತು ಅತ್ತೆ. ಚಿಕ್ಕಮ್ಮ ಬಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ಮತ್ತೆ ಕೆಲಸಕ್ಕೆ ಒಳಗೆ ಹೋದಳು. ಅವಳ ಮೇಲೂ ಸಿಟ್ಟು ಬಂತು.

ಹೊರಬೀಡು ಅಂದರೆ ಆ ದಿನ ಇಡೀ ಊರೇ ಊರು ಬಿಡಬೇಕು. ಬೆಳಕು ಹರಿಯುವ ಮುಂಚೆ ಒಲೆ ಆರಿಸಿ, ಮನೆ ಗುಡಿಸಿ, ಬಾಗಿಲು ಹಾಕಿ, ದನಕರು ಸಮೇತ ಹೊರಗೆ. ಅಡುಗೆ, ಊಟ, ನಿದ್ದೆ ಎಲ್ಲ ಬಯಲಿನಲ್ಲಿ. ಹೊತ್ತು ಮುಳುಗುವ ತನಕ ಒಂದು ನರಪಿಳ್ಳೆಯೂ ಊರೊಳಗೆ ಕಾಲಿಡುವ ಹಾಗಿಲ್ಲ. ಮಾರಿ ಖಾಲಿ ಊರು ಕಂಡು ಮುಂದೆ ಹೋಗಲಿ ಅಂತ.

ಮಂಗಳವಾರ ನಸುಕಿನಲ್ಲಿ ಅಜ್ಜನೇ ನನ್ನನ್ನು ಎಬ್ಬಿಸಿ ಹೊರಡಿಸಿದರು. ಲಾಟೀನು ಹಿಡಿದು ಎಲ್ಲರೂ ಗುಡ್ಡ ಇಳಿದೆವು. ಕೆಳಗೆ ಹಳ್ಳದ ಪಕ್ಕದ ಬಯಲು ತಲುಪಿದಾಗ ಬೆಳಕಾಗಿತ್ತು. ನೋಡುತ್ತೇನೆ, ಬಯಲಿನಾಚೆಯೇ ಬಸ್ಸಿನ ರಸ್ತೆ! ಆದರೆ ನನ್ನ ಬ್ಯಾಗು, ಸರ್ಟಿಫಿಕೇಟು, ಇದ್ದೊಂದು ಒಳ್ಳೆಯ ಸೀರೆ, ಎಲ್ಲ ಬಾಗಿಲು ಹಾಕಿದ ಮನೆಯಲ್ಲಿ. ಅಯ್ಯೋ ನನ್ನ ಕರ್ಮವೇ ಅಂತ ತಲೆ ಚಚ್ಚಿಕೊಂಡೆ.

ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದ ಚಿಕ್ಕಮ್ಮ ನನ್ನನ್ನು ಕರೆದಳು. ತಾನು ತಲೆಯ ಮೇಲೆ ಹೊತ್ತು ತಂದಿದ್ದ ಬುಟ್ಟಿಯಿಂದ ಪಾತ್ರೆ ಎತ್ತಿಟ್ಟಳು. ಅದರಡಿಯಲ್ಲಿ ನನ್ನ ಬ್ಯಾಗು.

ಅಜ್ಜ ಕಂಡರು. "ಮಂಗಳವಾರ ಹೆಣ್ಣು ಹೊಸ್ತಿಲು..." ಅಂತ ಶುರುಮಾಡಿದರು.

"ಹೊಸ್ತಿಲು ಬೆಳಗ್ಗೇನೇ ದಾಟಾಯ್ತಲ್ಲ ಮಾವ" ಅಂದಳು ಚಿಕ್ಕಮ್ಮ, ಒಲೆ ಊದುತ್ತಲೇ. "ದಾಟಿಸಿದ್ದು ನೀವೇ. ಬಯಲಿಗೆಲ್ಲಿ ಹೊಸ್ತಿಲು?"

ಅಜ್ಜ ನಶ್ಯದ ಡಬ್ಬಿ ತೆಗೆದರು. ಅವರು ಸೀನುವುದರೊಳಗೆ ಚಿಕ್ಕಮ್ಮ ನನ್ನ ಕೈ ಹಿಡಿದು ರಸ್ತೆಗೆ ಎಳೆದುಕೊಂಡು ಬಂದಳು.

ಅಮ್ಮನೂ ಅವಳೂ ಒಬ್ಬರನ್ನೊಬ್ಬರು ನೋಡಿ ಎಷ್ಟು ವರ್ಷವಾಗಿತ್ತೋ. ಬಸ್ಸಿನ ಸದ್ದು ಕೇಳಿದಾಗ ನನಗೆ ತಡೆಯಲಾಗಲಿಲ್ಲ.

"ನೀನೂ ಬಾ ಚಿಕ್ಕಮ್ಮ. ನೀನೂ ಹೊಸ್ತಿಲು ದಾಟಿದೀಯಲ್ಲ! ಅಮ್ಮನ್ನ ನೋಡ್ಕೊಂಡು ಬರುವಂತೆ."

"ಎಂತ ಹುಡುಗಿ ನೀನು!" ಅಂತ ನಕ್ಕಳು. "ಸಂಜೆ ದೀಪ ಹಚ್ಚೋದು ಯಾರು? ನಾನು ಒಳಗೆ ಹೋಗಿ ದೀಪ ಹಚ್ಚದೆ ಬೇರೆ ಯಾರೂ ಮನೆಗೆ ಕಾಲಿಡೋ ಹಾಗಿಲ್ಲ. ಹೋಗು, ಕೆಲಸ ತಗೋ."

ಕೆಲಸ ಸಿಕ್ಕಿತು. ತೀರ್ಥಹಳ್ಳಿಯವರಿಗೆ ಅಪ್ಪ ಏನೋ ಸಬೂಬು ಹೇಳಿ ಕಳಿಸಿದರು.

ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದ್ದೆ. ಬಯಲು ತುಂಬ ಹೊಗೆ, ನಗು, ಕುಣಿಯುವ ಮಕ್ಕಳು. ಅವಳು ಮಾತ್ರ ರಸ್ತೆಯಲ್ಲೇ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಹೊತ್ತು ಎಷ್ಟು ಏರಿದೆಯೆಂದು ನೋಡುತ್ತಿದ್ದಳು.