ತಳಿಯ ಬಂಗಲೆಯಲ್ಲಿ ಬಿದ್ದುಹೋದ ಸಾಲುಗಳು

‘ತಳಿಯ ಬಂಗಲೆಯಲ್ಲಿ ಎಂಟು ದಿನ ಕೂತು ಬರೆದ ಆ ಐವರಿಂದಲೇ ಬೆಟ್ಟದ ಮೂಕಿಗೆ ಮಾತು ಬಂದದ್ದು.’ ಹೊಸೂರಿನ ಕಡೆ ಹಳಬರು ಇಂದಿಗೂ ಹೀಗೆಯೇ ಹೇಳುತ್ತಾರೆ. ಕೇಳಿದಾಗಲೆಲ್ಲ ತಡೆದಿದ್ದೇನೆ, ಹಟಮಾರಿ ಎನ್ನಿಸಿಕೊಂಡಿದ್ದೇನೆ. ಆ ಹೆಂಗಸು ಮೂಕಿಯಾಗಿರಲಿಲ್ಲ. ಅವಳನ್ನು ಕಾಗದದ ಮೇಲೆ ಮೂಕಿ ಮಾಡಿದವರಲ್ಲಿ ನಾನೂ ಒಬ್ಬ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಎಂಟನೇ ತರಗತಿಗೆ ಶಾಲೆ ಬಿಟ್ಟು, ನಿಘಂಟು ಮುಂದಿಟ್ಟುಕೊಂಡು ಇಂಗ್ಲಿಷ್ ಕಲಿತ ನಾನು ಆಗ ಹೊಸೂರಿನಲ್ಲಿ ಜನರಿಗೆ ಅರ್ಜಿ ಬರೆದುಕೊಡುತ್ತಿದ್ದೆ. ಮನಃಶಾಸ್ತ್ರದಲ್ಲಿ ಆಗತಾನೇ ಸಂಶೋಧನೆಗೆ ಇಳಿದಿದ್ದ ಐವರನ್ನು ಕರೆದುಕೊಂಡು ಬೆಂಗಳೂರಿನಿಂದ ಒಬ್ಬ ಹಿರಿಯ ಅಧ್ಯಾಪಕರು ಬಂದರು. ಕನ್ನಡ, ತಮಿಳು, ತೆಲುಗು ಮೂರನ್ನೂ ಬಲ್ಲವನೆಂದು ನನ್ನನ್ನು ದುಭಾಷಿಯಾಗಿ ಸೇರಿಸಿಕೊಂಡರು. ಮೊದಲು ನಾಟ್ರಾಂಪಾಳ್ಯದಾಚೆಯ ಹಳ್ಳಿಯೊಂದರಲ್ಲಿ ವಾರವೆಲ್ಲ ಮನೆಮನೆ ಸುತ್ತಿದೆವು. ಆಮೇಲೆ ಒಟ್ಟಿಗೆ ಕೂತು ಬರೆಯಲೆಂದು ಹೊಸೂರಿಗೆ ಹತ್ತಿರದ ತಂಪಾದ ಊರು ತಳಿಗೆ, ಅಲ್ಲಿನ ಬಂಗಲೆಗೆ ಬಂದೆವು.

ಆ ಹಳ್ಳಿಯಲ್ಲಿ ಒಬ್ಬ ಸೊಸೆ ನಮ್ಮ ಒಂದು ಪ್ರಶ್ನೆಗೂ ಉತ್ತರಿಸಿರಲಿಲ್ಲ. ಅವಳ ಭಾವ, ಎಂದರೆ ಗಂಡನ ಅಣ್ಣ, ಪಕ್ಕದಲ್ಲೇ ನಿಂತು, ವರ್ಷದಿಂದ ಹೀಗೆಯೇ ಎಂದಿದ್ದ. ಮರುದಿನ ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆಯುತ್ತ ಅವಳು ತನ್ನ ಅಕ್ಕನೊಡನೆ ಮಾತಾಡುವುದನ್ನು ನಾನೂ ಐವರಲ್ಲಿ ಕಿರಿಯಳಾದ ತರುಣಿಯೂ ಕಿವಿಯಾರೆ ಕೇಳಿದೆವು.

“ಕೂಸಿಗೆ ಮೈ ಸುಡ್ತೈತೆ, ಉಳಿಯಾಕಿಲ್ಲ ಅಂದೆ. ನಂದು ಕರಿನಾಲ್ಗೆ, ನಾನಂದಿದ್ಕೇ ಸತ್ತೋಯ್ತು ಅಂದ್ರು. ಆ ಮನೇಲಿ ಇನ್ನೇನ್ ಮಾತಾಡ್ಲಕ್ಕ?”

“ಹಿಂಗೇ ಇದ್ರೆ ಹುಚ್ಚಿ ಅಂತಾರೆ ಕಣೇ.”

“ಅನ್ಲಿ ಬುಡು. ಹುಚ್ಚಿಗೆ ಬೈಯದೆ ಹಿಟ್ಟಾದ್ರೂ ಇಕ್ತಾರೆ.”

ಅಕ್ಕ ನಕ್ಕು ಅವಳ ಮುಖಕ್ಕೆ ನೀರು ಎರಚಿದಳು.

ಬಂಗಲೆಯ ಪದ್ಧತಿ ಹೀಗಿತ್ತು. ದುಂಡು ಮೇಜಿನ ಸುತ್ತ ಐವರು ಕೂರುವರು. ಒಬ್ಬರು ಬರೆದ ಹಾಳೆ ಗಂಟೆಗೊಮ್ಮೆ ಎಡಗಡೆಯವರ ಕೈಗೆ ಹೋಗಬೇಕು. ಪಡೆದವರು ಅದನ್ನು ಬಿಗಿ ಮಾಡಬೇಕು, ಅನಗತ್ಯವಾದುದನ್ನು ಹೊಡೆದುಹಾಕಬೇಕು. ಬರೆದವರು ಮಾತ್ರ ಸಮರ್ಥಿಸಿಕೊಳ್ಳಕೂಡದು. ಹೊಸಬರ ಅಹಂಕಾರ ಕರಗಲು ಇದೇ ದಾರಿಯೆಂದು ಹಿರಿಯರು ನಂಬಿದ್ದರು. ಮೊದಲ ದಿನಗಳಲ್ಲಿ ನಾನೂ ಅದನ್ನು ಮೆಚ್ಚಿದೆ.

ಸೊಸೆಯ ಹಾಳೆಯನ್ನು ಇಂಗ್ಲಿಷಿನಲ್ಲಿ ಬರೆದವಳು ಆ ಕಿರಿಯಳೇ. ದಂಡೆಯ ಮಾತು ಅದರಲ್ಲಿ ಪೂರ್ತಿಯಾಗಿತ್ತು. ಎರಡನೆಯ ಕೈ, ಪ್ರಶ್ನಾವಳಿಯ ಹೊರಗೆ ಕೇಳಿದ್ದೆಂದು ಅದನ್ನು ಎರಡು ಸಾಲಿಗೆ ಇಳಿಸಿತು. ಕರಿನಾಲಿಗೆಯ ವಿಷಯ ಮೂಢನಂಬಿಕೆಯ ಅಧ್ಯಾಯಕ್ಕೆ ಸೇರಿದ್ದೆಂದು ಮೂರನೆಯದು ತೆಗೆಯಿತು. ಈಗ ಅಕ್ಕ ಹಾಳೆಯಲ್ಲಿ ಏಕಿದ್ದಾಳೆಂಬುದೇ ತಿಳಿಯದೆ, ನಾಲ್ಕನೆಯದು ಅವಳನ್ನೂ ಹೊಡೆದುಹಾಕಿತು. ಐದನೆಯ ಕೈಯಿಂದ ಹೊರಬಂದಾಗ ಉಳಿದದ್ದು ಇಷ್ಟೇ: ಈಕೆಯ ಕೂಸು ಸತ್ತಿದೆ, ಒಂದು ವರ್ಷದಿಂದ ಮನೆಯವರೊಡನೆ ಮಾತಾಡಿಲ್ಲ, ನಮ್ಮೊಡನೆಯೂ ಮಾತಾಡಲಿಲ್ಲ.

ಕಿರಿಯಳು ಜಗಲಿಗೆ ಬಂದು ಹಾಳೆ ತೋರಿಸಿದಳು.

“ನೀವಾದ್ರೂ ಹೇಳಿ ಅಣ್ಣ. ನಾನು ಬರೆದವಳು, ಬಾಯಿ ಬಿಡೋ ಹಾಗಿಲ್ಲ.”

ಒಳಗೆ ಹೋಗಿ ಹೇಳಿದೆ. ಹಿರಿಯರು ಸೌಜನ್ಯದಿಂದಲೇ ಕೇಳಿದರು: “ಇಲ್ಲಿರೋದ್ರಲ್ಲಿ ಯಾವ ವಾಕ್ಯ ತಪ್ಪು, ತೋರಿಸಿ.”

ಮೂರು ಸಲ ಓದಿದೆ. ಒಂದೂ ತಪ್ಪಿರಲಿಲ್ಲ. ಅನುವಾದ ಸರಿಯಿದೆಯೆಂದು ಕೆಳಗೆ ರುಜು ಹಾಕಿದೆ. ನನ್ನ ಹೆಸರು ಅಚ್ಚಿನಲ್ಲಿ ಬರುವುದೆಂಬ ಆಸೆಯೂ ಆ ರುಜುವಿನಲ್ಲಿತ್ತು, ಮುಚ್ಚಿಡಲಾರೆ. ಮನೆಮಾತು ಕನ್ನಡವಾದರೂ ಅಲ್ಲಿನ ಓದುಬರಹವೆಲ್ಲ ತಮಿಳು; ಹಳ್ಳಿಯವರಿಗೆ ಕೃತಜ್ಞತೆಯಾಗಿ ತಮಿಳಿನಲ್ಲಿ ಒಂದು ಸಾರಾಂಶ ಕಳಿಸಬೇಕೆಂದರು. ಸೊಸೆಯ ಕುರಿತ ಆ ಸಾಲುಗಳನ್ನೂ ಸೇರಿಸಿ ಅದನ್ನು ಬರೆದವನೂ ನಾನೇ.

ತಿಂಗಳು ತುಂಬುವ ಮೊದಲು ಭಾವ ಆ ತಮಿಳು ಹಾಳೆ ಹಿಡಿದು ಜೀಪು ತರಿಸಿದ. ಅದು ಅಂಚೆಟ್ಟಿಯ ದಾರಿಯಾಗಿ ಬಂದು ಹೊಸೂರು ದಾಟುವಾಗ ನಾನು ಬೀದಿಯಲ್ಲಿದ್ದೆ. ಹಿಂದೆ ಅವಳು, ಎರಡೂ ಪಕ್ಕ ಗಂಡಸರು. ಎಲ್ಲಿಗೆಂದು ಯಾರನ್ನೂ ಕೇಳಬೇಕಾಗಲಿಲ್ಲ. ಕೈ ಅಡ್ಡ ಹಿಡಿಯಬಹುದಿತ್ತು; ಹಿಡಿಯಲಿಲ್ಲ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ವೈದ್ಯರು ಏನು ಕೇಳಿದರೂ, ಭಾವ ಎದುರಿಗೇ ನಿಂತಿದ್ದರಿಂದ, ಅವಳು ಬಾಯಿ ತೆರೆಯಲಿಲ್ಲ. ಹಾಳೆ ಹೇಳಿದಂತೆಯೇ ಆಯಿತು. ಅವಳನ್ನು ಒಳಗೆ ಇಟ್ಟುಕೊಂಡರು.

ಎರಡು ತಿಂಗಳ ಮೇಲೆ ಅಕ್ಕ ನನ್ನನ್ನು ಹುಡುಕಿಕೊಂಡು ಬಂದಳು.

“ಆ ಕಾಗ್ದ ನೀನೇ ಬರ್ದಿದ್ದಂತೆ, ಹೌದೇನಪ್ಪ?”

ಹೌದೆಂದೆ.

“ಹಂಗಾದ್ರೆ ನೀನೇ ಬಾ.”

ಇಬ್ಬರೂ ಹೋದೆವು. ದಂಡೆಯ ಮೇಲೆ ಕೇಳಿದ್ದನ್ನು ವೈದ್ಯರಿಗೆ ಬರೆದುಕೊಟ್ಟೆ. ಅವರು ನನ್ನನ್ನೂ ಹೊರಗೆ ಕಳಿಸಿ ಅಕ್ಕತಂಗಿಯರನ್ನು ಎದುರುಬದುರು ಕೂರಿಸಿದರು. ಬಾಗಿಲಾಚೆಯಿಂದ ಮೊದಲು ಕೇಳಿಸಿದ್ದು ಬೈಗುಳ, ಅದೂ ನನ್ನನ್ನು ಕುರಿತೇ. ಅವಳು ಹೊರಬರಲು ಮತ್ತೆ ಕೆಲವು ತಿಂಗಳು ಹಿಡಿಯಿತು. ಅಷ್ಟರಲ್ಲಿ ಗಂಡ ಇನ್ನೊಬ್ಬಳನ್ನು ಮನೆಗೆ ತಂದಿದ್ದ. ಸಂಶೋಧಕರು ಬರೆದರು, ಆಸ್ಪತ್ರೆ ಸೇರಿಸಿದರು, ಮಾತು ಬಂತು ಎಂದು ಊರು ಮೂರನ್ನೂ ಜೋಡಿಸಿಕೊಂಡಿತು.

ನನ್ನ ಮಾತನ್ನೂ ನೀವು ನಂಬಬೇಕಿಲ್ಲ. ಆ ಹಾಳೆಗೆ ರುಜು ಹಾಕಿದವನು ನಾನು. ಅವಳು ಈಗ ಅವಲಪಲ್ಲಿಯಲ್ಲಿ ಅಕ್ಕನ ಮಗಳ ಮನೆಯಲ್ಲಿದ್ದಾಳೆ. ಬೆಳಿಗ್ಗೆ ಹೂ ಕಟ್ಟುತ್ತ ಹೊರಗೇ ಕೂತಿರುತ್ತಾಳೆ, ಕಿವಿ ಸ್ವಲ್ಪ ಮಂದ. ಹೋಗಿ ಕೇಳಿ. ಮನೆಯ ಗಂಡಸರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾತ್ರ ಕೇಳಬೇಡಿ.