ದವಡೆ ಹಲ್ಲಿನ ತಪಾಸಣೆ

ನನ್ನದು ಮೊದಲಿನಿಂದಲೂ ಗಡಿಬಿಡಿಯ ಸ್ವಭಾವ. ಧಾರವಾಡದಲ್ಲಿ ಸಾಲೆ ಮಾಸ್ತರನಾಗಿದ್ದ ಕಾಲದಲ್ಲಂತೂ ಉಂಡದ್ದೂ ತಿಳಿಯುತ್ತಿರಲಿಲ್ಲ, ಹಲ್ಲು ತಿಕ್ಕಿದ್ದೂ ತಿಳಿಯುತ್ತಿರಲಿಲ್ಲ. ಮೂವತ್ತು ದಾಟುವ ಮೊದಲೇ ಎರಡು ದವಡೆ ಹಲ್ಲು ಹುಳುಕಾಗಿ, ಹುಬ್ಬಳ್ಳಿಯ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಕೀಳಿಸಿಕೊಂಡು ಬಂದೆ. ಅವರು ಇಕ್ಕಳ ತೊಳೆಯುತ್ತ ಅಂದರು: "ಮಾಸ್ತರ್ರ, ಮಂದಿಗೆ ಕಾಣೂ ಹಲ್ಲಷ್ಟ ತಿಕ್ಕೀರಿ. ಹಿಂದಿನವಕ್ಕ ಕಡ್ಡಿ ಮುಟ್ಟೇ ಇಲ್ಲ."

ಆ ಮಾತು ತಲೆಯಲ್ಲಿ ಹೊಕ್ಕು ಕೂತಿತು. ಮರುದಿನದಿಂದಲೇ ಮನೆಯಲ್ಲಿ ತಪಾಸಣೆ ಶುರು. ಹಿತ್ತಲಲ್ಲಿ ನೀರು ಕಾಯುವ ಹಂಡೆಯ ಪಕ್ಕದ ಕಲ್ಲಿನ ಮೇಲೆ ಐದು ವರ್ಷದ ಮಗಳನ್ನೂ ಎರಡು ವರ್ಷದ ಮಗನನ್ನೂ ಕೂರಿಸುತ್ತಿದ್ದೆ. ಬೇವಿನ ಕಡ್ಡಿಯ ತುದಿಯನ್ನು ಜಜ್ಜಿ, ನಾರು ಬಿಡಿಸಿ, ಅದರ ಕೆಳಗೆ ಅರ್ಧ ಮುರಿದು ಬಾಗಿಸಿದರೆ ಕಟ್ಟಕಡೆಯ ಹಲ್ಲಿನ ಹಿಂದಕ್ಕೂ ಹೋಗುತ್ತದೆ. ಇದು ನಾನೇ ಕಂಡುಕೊಂಡ ಉಪಾಯ, ಅದರ ಜಂಬವೂ ಇತ್ತು. ಮಗನ ಬಾಯಿಗೆ ಕಡ್ಡಿ ಹಿಡಿಸದು. ತೋರುಬೆರಳಿಗೆ ಒದ್ದೆ ಅರಿವೆ ಸುತ್ತಿ, ಉಪ್ಪನ್ನೂ ನುಣ್ಣಗೆ ಅರೆದ ಇದ್ದಲಿಯನ್ನೂ ಹಚ್ಚಿ ಒಳಗೆ ತೂರಿಸುತ್ತಿದ್ದೆ. ಅವನು ಕಚ್ಚುತ್ತಿದ್ದ, ನಾನು ಗದರುತ್ತಿದ್ದೆ. ಹಲ್ಲಿನ ಸಂದಿಗೆ ತಕಲಿಯಲ್ಲಿ ತೆಗೆದ ನೂಲು. ಖಾದಿಯ ಆ ದಿನಗಳಲ್ಲಿ ನೂಲಿಗೇನೂ ಬರವಿರಲಿಲ್ಲ. ಕೊನೆಗೆ ಕೈಗನ್ನಡಿಯಿಂದ ಬಿಸಿಲನ್ನು ಬಾಯೊಳಗೆ ಬಿಟ್ಟು ಒಂದೊಂದೇ ಹಲ್ಲು ನೋಡುವುದು. ಎಲ್ಲವೂ ಸಾಲೆಯ ಗಂಟೆ ಹೊಡೆದೇಬಿಟ್ಟಿತೆಂಬ ಗಾಬರಿಯಲ್ಲೇ ನಡೆಯಬೇಕು.

ಹೀಗೆ ಮೂರು ವರ್ಷ. ಓಣಿಯವರು ನಗುತ್ತಿದ್ದರು, ನಾನು ಸೊಪ್ಪು ಹಾಕಲಿಲ್ಲ.

ಒಂದು ದಿನ ತಿದ್ದಿದ ಪರೀಕ್ಷೆಯ ಕಾಗದಗಳನ್ನು ಮನೆಯಲ್ಲಿ ಮರೆತಿದ್ದೆ. ಮಧ್ಯಾಹ್ನದ ಸೂಟಿಯಲ್ಲಿ ಓಡಿ ಬಂದವನು ಅವು ಎಲ್ಲಿವೆಯೆಂದು ಕೇಳಲು ನೇರ ಅಡಿಗೆಮನೆಗೆ ನುಗ್ಗಿದೆ. ಹೆಂಡತಿ ಊಟಕ್ಕೆ ಕೂತಿದ್ದಳು. ನಮ್ಮಲ್ಲಿ ಗಂಡಸರು, ಮಕ್ಕಳು ಉಂಡೆದ್ದ ಮೇಲೆಯೇ ಹೆಂಗಸರ ಊಟ. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು, ಆಕೆ ಉಣ್ಣುವುದನ್ನು ನಾನು ಕಂಡದ್ದು ಅದೇ ಮೊದಲು. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ಬೆರಳಿನಿಂದ ಕಿವುಚಿ, ಅಗಿಯದೆ ನುಂಗುತ್ತಿದ್ದಳು. ಕಣ್ಣಲ್ಲಿ ನೀರು.

"ಬಾಯಿ ತಗಿ," ಅಂದೆ, ಮಕ್ಕಳಿಗೆ ಅನ್ನುವ ಹಾಗೆಯೇ.

ಸೆರಗು ಬಾಯಿಗೆ ಒತ್ತಿಕೊಂಡಳು. "ಉಣ್ಣೂ ಮುಂದ ಇದೇನ್ರಿ? ನೀವು ಸಾಲಿಗೆ ಹೋಗ್ರಿ."

ನಾನು ರೇಗಿದೆ. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೂಗಾಡಿದೆ. ಆಕೆ ತಾಟು ಸರಿಸಿ ಮೆಲ್ಲಗೆ ಅಂದಳು: "ಮುಂಜಾನೆ ಹಂಡೇಕ ಉರಿ ಹಾಕಬೇಕು, ನೀರ ಸೇದಬೇಕು, ರೊಟ್ಟಿ ಬಡೀಬೇಕು. ಚೂರು ಬೂದಿ ಹಚ್ಚಿ ಬಾಯಿ ಮುಕ್ಕಳಿಸಿದ್ರ ಮುಗೀತು. ಕಡ್ಡಿ ಹಿಡಕೊಂಡು ಕುಂದರಾಕ ನನಗ ಪುರಸೊತ್ತು ಎಲ್ಲೈತ್ರಿ?"

ಸೆರಗಿನ ಮರೆಯಲ್ಲಿ ಬಲಗಲ್ಲ ಬಾತಿತ್ತು. ಅದು ಕೂಡ ಆಗಲೇ ನನ್ನ ಕಣ್ಣಿಗೆ ಬಿದ್ದದ್ದು. ಕಾಗದ ಹಿಡಿದು ಸಾಲೆಗೆ ಮರಳಿದೆನಾದರೂ ಅಂದು ಏನು ಕಲಿಸಿದೆನೋ ತಿಳಿಯದು. ಬಾವು ಗಂಟಲಿಗೆ ಇಳಿದರೆ ಗತಿಯೇನೆಂಬುದೊಂದೇ ತಲೆಯಲ್ಲಿ.

ಮರುದಿನ ಮೊದಲ ಗಾಡಿಗೆ ಹುಬ್ಬಳ್ಳಿಗೆ ಹೊರಟೆವು. ದಾರಿಯುದ್ದಕ್ಕೂ ನಾನು ಏಳುವುದು, ಕೂರುವುದು, ಕಿಟಕಿಗೆ ಹೋಗುವುದು; ಆಕೆ ಮಾತ್ರ ಗಲ್ಲ ಹಿಡಿದುಕೊಂಡು ಕೂತಿದ್ದಳು. ಡಾಕ್ಟರು ಬಲಗಡೆಯ ನಾಲ್ಕು ಹಲ್ಲು ಕೀಳಬೇಕೆಂದರು. ಇನ್ನೆರಡು ದಿನ ಬಿಟ್ಟಿದ್ದರೆ ಜೀವಕ್ಕೇ ಕುತ್ತಾಗುತ್ತಿತ್ತಂತೆ.

"ಯಾವಾಗಿಂದ ನೋಯಾಕತ್ತೈತಿ, ತಂಗಿ?" ಎಂದು ಅವರು ಕೇಳಿದರು.

"ಸಣ್ಣಾಂವ ಹುಟ್ಟಿದಾಗಿಂದ್ರಿ."

ಸಣ್ಣವನಿಗೆ ಆಗ ಐದು ವರ್ಷ. ನಾನು ಮಕ್ಕಳ ಬಾಯೊಳಗೆ ಬಿಸಿಲು ಬಿಡುತ್ತಿದ್ದ ಅಷ್ಟೂ ಬೆಳಗು ಆಕೆ ನಾಲ್ಕು ಮಾರು ದೂರದಲ್ಲಿ ಒಲೆ ಊದುತ್ತ ಆ ನೋವು ತಿನ್ನುತ್ತಿದ್ದಳು. ನಾಚಿಕೆಯಿಂದ ನನಗೆ ಡಾಕ್ಟರ ಮುಖ ನೋಡಲಾಗಲಿಲ್ಲ.

ತಿರುಗಿ ಬರುವಾಗ ಗಾಡಿಯಲ್ಲಿ ನನ್ನ ಚಡಪಡಿಕೆ ನೋಡಲಾರದೆ ಆಕೆ ಬಾಯೊಳಗಿನ ಹತ್ತಿ ತೆಗೆದು ತೊದಲುತ್ತ ಅಂದಳು: "ಯಾಕ ಹಿಂಗ ಒದ್ದಾಡಾಕತ್ತೀರಿ? ಎಡಗಡೆ ಹಲ್ಲು ಅದಾವಲ್ರಿ. ನನಗ ಅಷ್ಟ ಸಾಕು."

ಆಕೆಯೇ ನನಗೆ ಸಮಾಧಾನ ಹೇಳುತ್ತಿದ್ದಳು. ಧಾರವಾಡದ ಸ್ಟೇಷನ್ ಬರುವವರೆಗೂ ನಾನು ಗಾಡಿಯ ಬಾಗಿಲಲ್ಲಿ ನಿಂತೇ ಇದ್ದೆ.