ಗಂಡೋ ಹೆಣ್ಣೋ ಎಂದರೆ ಗೊತ್ತಿಲ್ಲ ಎಂದವರು

ಅಲಂಕಾರ ಮೀನುಗಳ ವ್ಯಾಪಾರದಲ್ಲಿ, ಅದರಲ್ಲಿಯೂ ತಲೆಯ ಆಕಾರದಿಂದಾಗಿ ಹಾವುತಲೆ ಮೀನು ಎಂದು ಹೆಸರಾದ ಆ ಮುಂಗೋಪದ ಜಾತಿಯ ಸಾಕಣೆಯಲ್ಲಿ, ನಮ್ಮ ಊರಿನ ಹವ್ಯಾಸಿಗಳ ಪಾಲಿಗೆ ಕೊನೆಯ ಮಾತು ಯಾರದೆಂದು ಕೇಳಿದರೆ ಎಲ್ಲರೂ ತೋರಿಸುತ್ತಿದ್ದುದು ಒಂದೇ ಅಂಗಡಿಯನ್ನು. ಆ ಅಂಗಡಿಯ ಯಜಮಾನರು ಕಳೆದ ತಿಂಗಳು ನಿವೃತ್ತರಾದರು. ಅವರ ಗೌರವಾರ್ಥವಾಗಿ ಮೀನು ಸಾಕುವವರ ಸಂಘವು ಹೊರತರುತ್ತಿರುವ ಈ ಗ್ರಂಥಕ್ಕೆ ಲೇಖನ ಬರೆಯುವಂತೆ, ರಸ್ತೆಯ ಆಚೆ ಬದಿಯಲ್ಲಿ ಅದೇ ವ್ಯಾಪಾರ ಮಾಡಿಕೊಂಡಿರುವವನನ್ನು ಕೇಳಿಕೊಂಡದ್ದು ಸಂಪಾದಕ ಸಮಿತಿಯ ದೊಡ್ಡ ಮನಸ್ಸೋ ತುಂಟತನವೋ ತಿಳಿಯದು. ‘ನಾನು, ನಾನು’ ಎಂದು ಬರೆಯಬೇಡಿ ಎಂದೂ ಸಮಿತಿ ತಾಕೀತು ಮಾಡಿರುವುದರಿಂದ, ಲೇಖಕ ತನ್ನನ್ನು ಇಲ್ಲಿ ಎದುರಂಗಡಿಯವನು ಎಂದೇ ಕರೆದುಕೊಳ್ಳುತ್ತಾನೆ. ಹೇಗೂ ಊರೆಲ್ಲ ಅವನನ್ನು ಗುರುತಿಸುವುದು ಹಾಗೆಯೇ.

ಇಬ್ಬರೂ ಅಂಗಡಿ ತೆರೆದದ್ದು ಒಂದೇ ವರ್ಷ. ಹಾವುತಲೆ ಮೀನಿನ ಗಂಡು ಹೆಣ್ಣುಗಳನ್ನು ಗುರುತಿಸುವುದು ಸುಲಭದ ಕೆಲಸವಲ್ಲ. ಮರಿಗಳಲ್ಲಂತೂ ಬ್ರಹ್ಮನಿಗೂ ಆಗದು. ಬೆಳೆದ ಗಂಡಿಗೆ ತಲೆ ಅಗಲ, ಬೆನ್ನಿನ ಈಜುರೆಕ್ಕೆ ಉದ್ದ, ಬಣ್ಣ ಗಾಢ. ಹೆಣ್ಣಿಗೆ ತಲೆ ಕಿರಿದು, ಹೊಟ್ಟೆ ದುಂಡಗೆ. ಇಷ್ಟನ್ನೂ ಎದುರಂಗಡಿಯವನು ಗಾಜಿನ ಮುಂದೆ ನಿಂತು, ಬೆರಳು ಮಾಡಿ, ಒಂದೇ ಉಸಿರಿನಲ್ಲಿ ಹೇಳಬಲ್ಲ. ಗಿರಾಕಿ ತಲೆದೂಗುತ್ತಿದ್ದ. “ಚೆನ್ನಾಗಿ ಹೇಳಿದ್ರಿ, ಒಂದ್ನಿಮಿಷ ಬಂದೆ” ಎಂದು ಎದ್ದು, ಯಜಮಾನರನ್ನು ಕೇಳಲು ರಸ್ತೆ ದಾಟುತ್ತಿದ್ದ.

ಅಲ್ಲಿ ಯಜಮಾನರು ಕನ್ನಡಕ ಏರಿಸಿ, ತಮ್ಮ ತೊಟ್ಟಿಯ ಮೀನನ್ನು ಬಹಳ ಹೊತ್ತು ನೋಡಿ, “ನನಗೆ ಗೊತ್ತಿಲ್ಲಪ್ಪ. ಅವಕ್ಕೆ ಗೊತ್ತಿರುತ್ತೆ” ಎನ್ನುತ್ತಿದ್ದರು. ಈ ಒಂದು ಮಾತಿಗೆ ಜನ ಮುಗಿಬೀಳುತ್ತಿದ್ದರು. ‘ಗೊತ್ತಿಲ್ಲ ಯಜಮಾನರು’ ಎಂಬ ಹೆಸರೇ ಅವರಿಗೆ ಬಿದ್ದಿತು. ಅರ್ಧ ಡಜನ್ ಮರಿಗಳನ್ನು ಒಂದೇ ದೊಡ್ಡ ತೊಟ್ಟಿಯಲ್ಲಿ ಬಿಟ್ಟು, ತಿಂಗಳುಗಟ್ಟಲೆ ಕಾದು, ಯಾವ ಎರಡು ಮೀನು ಪಕ್ಕಪಕ್ಕದಲ್ಲೇ ಈಜುತ್ತ ಉಳಿದವನ್ನು ಮೂಲೆಗೆ ಅಟ್ಟುತ್ತವೆಯೋ ಅವೇ ಜೋಡಿ ಎಂದು ತೀರ್ಮಾನಿಸಿ, ಮಿಕ್ಕವನ್ನು ಬೇರೆ ಮಾಡುವುದು ಅವರ ಪದ್ಧತಿ. ತಪ್ಪು ಜೋಡಿ ಹಾಕಿದರೆ ಒಂದು ಇನ್ನೊಂದನ್ನು ಸೀಳಿಹಾಕುವ ಜಾತಿಯಿದು. ಆದ್ದರಿಂದ ಪದ್ಧತಿ ಸರಿಯಾದದ್ದೇ ಎಂದು ಎದುರಂಗಡಿಯವನು ಹಲ್ಲು ಕಚ್ಚಿಕೊಂಡು ಒಪ್ಪುತ್ತಾನೆ.

“ಗೊತ್ತಿಲ್ಲ ಅನ್ನೋಕೇ ಇಷ್ಟು ಜನ ಸೇರ್ತಾರಲ್ಲ, ನೀವೂ ಒಂದ್ಸಲ ಅಂದು ನೋಡಿ” ಎಂದು ಇವನ ಹೆಂಡತಿ ಹಂಗಿಸುತ್ತಿದ್ದಳು. ಗೊತ್ತಿರುವುದನ್ನು ಗೊತ್ತಿಲ್ಲ ಎನ್ನುವುದು ಹೇಗೆ? ಒಬ್ಬನೇ ಒಬ್ಬ ಗಿರಾಕಿ ತನ್ನ ಮಾತನ್ನು ನಂಬಿ, ರಸ್ತೆ ದಾಟದೆ, ಜೋಡಿ ಕಟ್ಟಿಸಿಕೊಂಡು ಹೋಗಬೇಕು. ಎದುರಂಗಡಿಯವನ ಜೀವಮಾನದ ಆಸೆ ಇಷ್ಟೆ.

ಯಜಮಾನರ ಉಪಕಾರಗಳನ್ನು ಇಲ್ಲಿ ಸ್ಮರಿಸಲೇಬೇಕು, ಏಕೆಂದರೆ ಅವುಗಳ ಕಾಟವೂ ಕಡಿಮೆಯದಲ್ಲ. ಒಂದು ಬೇಸಿಗೆಯಲ್ಲಿ ದಿನವಿಡೀ ಕರೆಂಟು ಹೋಗಿ ಇವನ ತೊಟ್ಟಿಗಳ ಮೀನುಗಳೆಲ್ಲ ಬಾಯಿ ಬಾಯಿ ಬಿಡುತ್ತಿದ್ದಾಗ, ತಮ್ಮಲ್ಲಿದ್ದ ಬ್ಯಾಟರಿ ಪಂಪುಗಳಲ್ಲಿ ಅರ್ಧವನ್ನು ಕೇಳದೆಯೇ ತಂದು ಹಚ್ಚಿಹೋದರು. ಇವನ ಹೆಂಡತಿಯ ಹೆರಿಗೆಯ ವಾರ ಎರಡೂ ಅಂಗಡಿಗಳನ್ನು ಅವರೊಬ್ಬರೇ ನೋಡಿಕೊಂಡರು. ಆ ವಾರ ಇವನ ಅಂಗಡಿಯಲ್ಲಿ ಆದಷ್ಟು ವ್ಯಾಪಾರ ಆಮೇಲೆಂದೂ ಆಗಲಿಲ್ಲ ಎಂಬುದನ್ನು ಮಾತ್ರ ಮರೆಯುವುದು ಕಷ್ಟ.

ಎದುರಂಗಡಿಯವನು ಗೆದ್ದ ದಿನವೂ ಒಂದಿತ್ತು. ಸಂಘದ ಸದಸ್ಯರಾದ ದರ್ಜಿಯೊಬ್ಬರು, ಯಜಮಾನರ ತೊಟ್ಟಿಯಲ್ಲಿ ಕೂಡಿಕೊಂಡಿದ್ದ ಜೋಡಿಯ ಮುಂದೆ ಕೂತು, “ಈಗಲಾದ್ರೂ ಹೇಳಿ, ಇದ್ರಲ್ಲಿ ಗಂಡು ಯಾವುದು?” ಎಂದು ಪಟ್ಟು ಹಿಡಿದರು. ಯಜಮಾನರು ಮುಲಾಜಿಗೆ ಬಿದ್ದು, ಹೊಟ್ಟೆ ದುಂಡಗಿರುವುದು ಹೆಣ್ಣಿರಬಹುದು ಎಂದುಬಿಟ್ಟರು. ದರ್ಜಿ ಎದುರಂಗಡಿಯವನನ್ನೂ ಕರೆದು ತೋರಿಸಿದರು. ಆ ಹೊಟ್ಟೆ ತಿಂದು ಬಂದದ್ದು, ತಲೆಯ ಅಗಲ ನೋಡಿ, ಅದು ಗಂಡು ಎಂದ ಇವನು. ಕೆಲವು ವಾರಗಳಲ್ಲಿ ಮೊಟ್ಟೆಗಳು ನೀರಿನ ಮೇಲೆ ತೇಲಿದವು. ಹಾವುತಲೆಗಳ ಈ ಸಣ್ಣ ಜಾತಿಯಲ್ಲಿ ಅವನ್ನು ಬಾಯೊಳಗೆ ಇಟ್ಟುಕೊಂಡು, ಊಟ ಬಿಟ್ಟು ಕಾಪಾಡುವವನು ತಂದೆ. ದುಂಡು ಹೊಟ್ಟೆಯ ಮೀನೇ ಮೊಟ್ಟೆಗಳನ್ನೆಲ್ಲ ಬಾಯಿಗೆ ತೆಗೆದುಕೊಂಡು, ಗಂಟಲುಬ್ಬಿಸಿಕೊಂಡು ನಿಂತಿತು.

ಯಜಮಾನರು ಏನು ಮಾಡಿದರು? ಅಂಗಡಿಯಲ್ಲಿದ್ದ ಗಿರಾಕಿಗಳನ್ನೆಲ್ಲ ಕರೆದುಕೊಂಡು ರಸ್ತೆ ದಾಟಿ ಬಂದು, “ಇವರು ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು” ಎಂದು ಎಲ್ಲರೆದುರು ಎದುರಂಗಡಿಯವನ ಕೈ ಕುಲುಕಿದರು. ಮಾರನೆಯ ದಿನದಿಂದ ಊರಿನ ಬಾಯಲ್ಲೆಲ್ಲ ಅದೇ ಮಾತು: ಎಂಥ ದೊಡ್ಡ ಮನುಷ್ಯ, ತಪ್ಪೊಪ್ಪಿಕೊಳ್ಳೋಕೂ ಗುಂಡಿಗೆ ಬೇಕು. ಎದುರಂಗಡಿಯವನ ಕಣ್ಣು ಎಂಥ ಚುರುಕು ಎಂದು ಒಂದು ನರಪಿಳ್ಳೆಯೂ ಅನ್ನಲಿಲ್ಲ. ಗೆದ್ದದ್ದು ಇವನು, ಹೆಸರು ಅವರಿಗೆ. ಅಂದು ಇವನಿಗೆ ಅನ್ನ ಸೇರಲಿಲ್ಲ.

ಕಳೆದ ತಿಂಗಳು ಮಂಡಿನೋವು ಹೆಚ್ಚಿ ಯಜಮಾನರು ಅಂಗಡಿ ಮುಚ್ಚಿದರು. ಅದಾದ ಕೆಲವೇ ದಿನಗಳಲ್ಲಿ ಆಸ್ಪತ್ರೆಯ ನರ್ಸ್ ಒಬ್ಬರು ಹಾವುತಲೆ ಮೀನಿನ ಜೋಡಿ ಬೇಕೆಂದು ಬಂದರು. ಎದುರಂಗಡಿಯವನು ಬೆರಳು ಮಾಡಿ ಇದು ಗಂಡು, ಇದು ಹೆಣ್ಣು ಎಂದ. “ಸರಿ, ಕಟ್ಟಿಕೊಡಿ” ಎಂದರು ಅವರು. ತಲೆ ತಿರುಗಿಸಿ ಎದುರಿಗೆ ನೋಡಲೂ ಇಲ್ಲ. ಇಷ್ಟು ವರ್ಷ ಕಾದ ಮಾತು ಕಿವಿಗೆ ಬಿದ್ದಿತ್ತು, ಆದರೆ ಬಲೆ ಹಿಡಿದ ಕೈ ನೀರಿಗೆ ಇಳಿಯಲಿಲ್ಲ. ತಪ್ಪಿದ್ದರೆ? ತಿದ್ದುವವರು ಎದುರಿಗೆ ಇರಲಿಲ್ಲ. “ನಾಳೆ ಬನ್ನಿ” ಎಂದುಬಿಟ್ಟ.

ಸಂಜೆ ಶಟರ್ ಎಳೆದು, ಎರಡು ಮೀನುಗಳನ್ನು ಎರಡು ಚೀಲಗಳಲ್ಲಿ ಹಾಕಿಕೊಂಡು, ಜೀವಮಾನವೆಲ್ಲ ಗಿರಾಕಿಗಳನ್ನು ಶಪಿಸಿದ್ದ ಅದೇ ರಸ್ತೆಯನ್ನು ದಾಟಿ ಯಜಮಾನರ ಮನೆಗೆ ಹೋದ. ಅವರು ಚೀಲಗಳನ್ನು ದೀಪಕ್ಕೆ ಹಿಡಿದು ನೋಡಿದರು.

“ನನಗೆ ಗೊತ್ತಿಲ್ಲಪ್ಪ. ನೀವೇನಂತೀರಿ?”

“ನನಗೂ ಗೊತ್ತಾಗ್ತಿಲ್ಲ, ಯಜಮಾನ್ರೇ.”

ಅವರ ಮುಖ ಸಪ್ಪಗಾಯಿತು. “ನೀವೂ ಹಾಗಂದ್ರೆ ಹೇಗೆ? ಜನ ನಿಮ್ಮ ಮಾತು ಕೇಳ್ಕೊಂಡು ಬರ್ತಿದ್ರು, ಅದಕ್ಕೇ ನಾನು ಧೈರ್ಯವಾಗಿ ಗೊತ್ತಿಲ್ಲ ಅಂತಿದ್ದೆ.” ಆಮೇಲೆ ದನಿ ತಗ್ಗಿಸಿದರು. “ಯಾರಿಗೂ ಹೇಳ್ಬೇಡಿ. ನಿಮ್ಮ ಹಾಗೆ ನೋಡಿದ ತಕ್ಷಣ ಹೇಳೋಕೆ ನನಗೆ ಕೊನೆವರೆಗೂ ಬರ್ಲಿಲ್ಲ. ಎದುರಂಗಡಿಯವರು ಹೀಗಂದ್ರು ಅಂತ ಗಿರಾಕಿಗಳು ಬಂದಾಗೆಲ್ಲ ಹೊಟ್ಟೆ ಎಷ್ಟು ಉರೀತಿತ್ತು ಗೊತ್ತಾ?”

ಇವನ ಹೊಟ್ಟೆಕಿಚ್ಚು ಬೀದಿಗೆಲ್ಲ ಗೊತ್ತು. ಅವರು ತಮ್ಮದನ್ನು ಇಷ್ಟು ವರ್ಷ ಒಂದು ನಗುವಿನ ಹಿಂದೆ ಅಡಗಿಸಿಟ್ಟಿದ್ದರು. ಅದರಲ್ಲಿಯೂ ಅವರೇ ಮೇಲು. ಯಾರಿಗೂ ಹೇಳಬೇಡಿ ಎಂದದ್ದನ್ನು ಇಲ್ಲಿ ಅಚ್ಚು ಹಾಕಿಸುತ್ತಿರುವುದು ಎದುರಂಗಡಿಯವನ ಸಣ್ಣ ಸೇಡು.

ಮರುದಿನ ಬಂದ ನರ್ಸ್ ಅರ್ಧ ಡಜನ್ ಮರಿಗಳನ್ನು ಕೊಂಡು, ಅವು ತಾವೇ ಜೋಡಿಯಾಗುವವರೆಗೆ ಕಾಯಲು ಒಪ್ಪಿಕೊಂಡು ಹೋದರು. ಯಜಮಾನರಿಗೆ ಮಂಡಿನೋವು ನೀಗಲಿ, ಆಯುಸ್ಸು ಹೆಚ್ಚಲಿ, ಕನ್ನಡಕದ ಹಿಂದಿನ ಆ ಅನುಮಾನ ಎಂದೂ ಬತ್ತದಿರಲಿ. ಎದುರಂಗಡಿಯಲ್ಲಿ ಅವರಿಗಾಗಿ ಒಂದು ಕುರ್ಚಿ ಹಾಕಿದೆ. ದಿನಾ ಸಂಜೆ ಬಂದು ಕೂರಬೇಕೆಂದು ಪ್ರಾರ್ಥನೆ. ಇನ್ನು ಮುಂದೆ ಗಿರಾಕಿಗಳು ಇವನ ಮಾತು ಕೇಳಿಯಾದ ಮೇಲೆ ರಸ್ತೆ ದಾಟಬೇಕಾಗಿಲ್ಲ. ತಲೆ ತಿರುಗಿಸಿದರೆ ಸಾಕು.